ಮಳೆಗಾಲ ಶುರುವಾಗಿದೆ, ಮನೆ ಹಿಂದಿನ ಬರೆ ನೋಡಿಕೊಳ್ಳಿ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಪ್ರತಿ ವರ್ಷ ಈ ಹೊತ್ತಿಗೆ ಕೊಡೆ, ರೈನ್‌ಕೋಟ್, ಒಂದು ಜೊತೆ ಒಣಬಟ್ಟೆ ಅಂತ ಸಣ್ಣ ಚೀಟಿ ಕಳಿಸುತ್ತಿದ್ದೆವು. ಈ ಸಲ ಗುಡ್ಡ ಕುಸಿತದ ಬಗ್ಗೆ ಬರೆಯುತ್ತಿರುವುದರಿಂದ ಪತ್ರ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಅಥವಾ ಮಗು ನಡೆದು ಬರುವ ದಾರಿಯ ಬರೆ ಯಾಕೋ ಸರಿಯಿಲ್ಲ ಅನಿಸಿದರೆ ಆ ದಿನ ಮಗುವನ್ನು ಶಾಲೆಗೆ ಕಳಿಸಬೇಡಿ. ರಜೆ ಕೊಡ್ತಾರಾ ಇಲ್ವಾ ಅಂತ ವಾಟ್ಸಾಪ್ ನೋಡುತ್ತಾ ಕೂರಬೇಡಿ. ಜಿಲ್ಲಾಧಿಕಾರಿಗಳು ರಜೆ ಕೊಡುವುದು ಇಡೀ ಜಿಲ್ಲೆಗೋ ತಾಲ್ಲೂಕಿಗೋ. ನಿಮ್ಮ ಬರೆ ಅವರಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಕ್ಲಾಸ್ ಟೀಚರ್‌ಗೆ ಒಂದು ಫೋನ್ ಮಾಡಿದರೆ ಸಾಕು. ತಪ್ಪಿದ ಪಾಠವನ್ನು ನಾವು ಮತ್ತೆ ಮಾಡುತ್ತೇವೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸಣ್ಣ ಕ್ಲಾಸಿನ ಮಕ್ಕಳು 2018ರಲ್ಲಿ ಹುಟ್ಟೇ ಇರಲಿಲ್ಲ, ಇಲ್ಲವೇ ತೊಟ್ಟಿಲಲ್ಲಿದ್ದರು. ಅವರಿಗೆ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಅನ್ನುವುದು ಬರೀ ನಮ್ಮ ಕೊಡಗಿನ ಊರುಗಳ ಹೆಸರು. ನಮಗೆ ಹಾಗಲ್ಲ ಅಲ್ವಾ? ಆ ಆಗಸ್ಟ್ ಮಧ್ಯದ ಮೂರ್ನಾಲ್ಕು ದಿನದಲ್ಲಿ ಗುಡ್ಡಗಳು ಒಂದರ ಹಿಂದೆ ಒಂದು ಜಾರಿದವು, ಮಂಗಳೂರು ರಸ್ತೆ ತುಂಡಾಯಿತು, ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಮರುವರ್ಷ ತೋರ, ಕೋರಂಗಾಲ. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟದ ಒಂದು ಭಾಗವೇ ಜಾರಿತು. 2024ರ ಜುಲೈ 16ಕ್ಕೆ ಉತ್ತರ ಕನ್ನಡದ ಶಿರೂರು, ಸರಿಯಾಗಿ ಎರಡು ವಾರಕ್ಕೆ, ಜುಲೈ 30ಕ್ಕೆ, ನಮ್ಮ ಪಕ್ಕದ ವಯನಾಡು. ಅಲ್ಲಿ ಸತ್ತವರು 200ಕ್ಕೂ ಹೆಚ್ಚು ಜನ.

ಗುಡ್ಡ ಯಾಕೆ ಜಾರಿತು ಅಂದರೆ 'ದೇವರ ಕೋಪ', 'ಡ್ಯಾಂ ನೀರು', 'ಭೂಕಂಪ' ಅಂತ ಮಕ್ಕಳು ಮನೆಯಲ್ಲಿ ಕೇಳಿದ್ದನ್ನೆಲ್ಲಾ ಶಾಲೆಗೆ ತಂದು ಹೇಳುತ್ತಾರೆ. 2018ರ ಜುಲೈಯಲ್ಲಿ ನೆಲ ನಡುಗಿದ್ದು ನಿಜ. 2022ರಲ್ಲಿ ಚೆಂಬು, ಸಂಪಾಜೆ ಕಡೆ ಪದೇ ಪದೇ ನಡುಗಿದ್ದೂ ನಿಜ. ಆದರೆ 2018ರ ಕುಸಿತಗಳನ್ನು ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬೆರಳು ತೋರಿಸಿದ್ದು ಎರಡರ ಕಡೆಗೆ: ವಿಪರೀತ ಮಳೆ, ಮತ್ತು ರಸ್ತೆಗೆ ಮನೆಗೆ ಅಂತ ಜನ ಇಳಿಜಾರು ಕತ್ತರಿಸಿದ್ದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಪೂರ್ತಿ ನಮ್ಮದೇ.

ಏಳನೇ ಕ್ಲಾಸಿನವರು ಕಳೆದ ವಾರ ಇದನ್ನು ಮಾಡಿಯೇ ನೋಡಿದರು. ಎರಡು ಟ್ರೇ, ಎರಡರಲ್ಲೂ ಶಾಲೆ ಹಿಂದಿನ ಬರೆಯ ಕೆಂಪು ಮಣ್ಣು, ಒಂದೇ ಅಳತೆಯ ಇಳಿಜಾರು. ಒಂದರ ಬುಡವನ್ನು ಮಾತ್ರ ಸ್ಕೇಲಿನಿಂದ ನೆಟ್ಟಗೆ ಕೊಯ್ದೆವು, ಜೆಸಿಬಿ ಕೊಯ್ಯುವ ಹಾಗೆ. ಆಮೇಲೆ ತೂತು ಮಾಡಿದ ಬಾಟಲಿಯಿಂದ ಇಬ್ಬರು ಒಂದೇ ಸಮನೆ ನೀರು ಹಾಕುತ್ತಾ ಹೋದರು. ತುಂಬಾ ಹೊತ್ತು ಏನೂ ಆಗಲಿಲ್ಲ, ಮಕ್ಕಳಿಗೆ ಬೇಜಾರು ಬಂದು ಪಿಸುಪಿಸು ಶುರುವಾಯಿತು. ಆಗ ಹಿಂದೆ ನಿಂತಿದ್ದ ಹುಡುಗಿ, "ಮಿಸ್, ಮೇಲೆ ಗೆರೆ ಬಂತು" ಅಂದಳು. ನಾವೆಲ್ಲಾ ಕೊಯ್ದ ಜಾಗವನ್ನೇ ನೋಡುತ್ತಿದ್ದೆವು, ಬಿರುಕು ಬಂದಿದ್ದು ಅದಕ್ಕಿಂತ ನಾಲ್ಕು ಬೆರಳು ಮೇಲೆ. ಕೂದಲೆಳೆಯಷ್ಟು ಸಣ್ಣದು. ಇನ್ನೊಂದು ಲೋಟ ನೀರು ಬಿತ್ತೋ ಇಲ್ಲವೋ, ಗೆರೆಯಿಂದ ಕೆಳಗಿನದೆಲ್ಲಾ ಒಟ್ಟಿಗೆ ಕೆಳಗೆ ಬಂತು. ಕೊಯ್ಯದ ಟ್ರೇಯಲ್ಲಿ ಬರೀ ಕೆಂಪು ನೀರು ಹರಿಯಿತು, ಇಳಿಜಾರು ನಿಂತೇ ಇತ್ತು.

ನಮ್ಮ ಗುಡ್ಡಗಳ ಮೇಲೆ ಇರುವುದು ಗಟ್ಟಿ ಬಂಡೆಯಲ್ಲ. ಬಂಡೆ ಎಷ್ಟೋ ಕಾಲದಿಂದ ಬಿಸಿಲು ಮಳೆಗೆ ಕರಗಿ ಆದ ದಪ್ಪ ಮಣ್ಣು, ಅದರ ಕೆಳಗೆ ಬಂಡೆ. ಜೂನ್, ಜುಲೈ ಪೂರ್ತಿ ನೀರು ಕುಡಿದ ಮಣ್ಣಿಗೆ ಭಾರ ಜಾಸ್ತಿಯಾಗುತ್ತದೆ, ಕಣಗಳ ನಡುವಿನ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೇ ನಮ್ಮಲ್ಲಿ ದೊಡ್ಡ ಕುಸಿತಗಳು ಜೂನ್ ಮೊದಲ ಮಳೆಗಿಂತ ಆಗಸ್ಟ್‌ನಲ್ಲಿ ಆಗಿದ್ದು ಜಾಸ್ತಿ. ಅಂಥ ಗುಡ್ಡದ ಬುಡವನ್ನೇ ಸೈಟಿಗೆ ಅಂತ ಕತ್ತರಿಸಿದರೆ ಮೇಲಿನದಕ್ಕೆ ಆಧಾರ ಎಲ್ಲಿ? ಶಿರೂರಿನಲ್ಲಿ ಜಾರಿದ್ದೂ ಹೆದ್ದಾರಿ ಪಕ್ಕ ಕೊಯ್ದಿದ್ದ ಗುಡ್ಡವೇ.

ಇಂಗುಗುಂಡಿ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಮಳೆನೀರು ಇಂಗಿಸಿ ಅಂತ ಇದೆ, ಮಕ್ಕಳು ಮನೆಗೆ ಬಂದು ಗುಂಡಿ ತೋಡೋಣ ಅಂತ ಹಠ ಮಾಡುತ್ತಾರೆ. ಬಯಲುಸೀಮೆಗೆ ಅದು ಬಹಳ ಒಳ್ಳೆಯದು. ಕಡಿದಾದ ಬರೆಯ ನೆತ್ತಿಯ ಮೇಲೆ ನೀರು ನಿಲ್ಲಿಸುವುದು ಮಾತ್ರ ಬೇಡ. ಅಲ್ಲಿ ನೀರು ಬೇಗ ಹರಿದು ಕೊಲ್ಲಿ (ಸಣ್ಣ ತೊರೆ) ಸೇರಬೇಕು. ತೋಟದ ಚರಂಡಿಗಳನ್ನು ಬಿಡಿಸಿಕೊಡಿ. ತಡೆಗೋಡೆ ಕಟ್ಟಿಸಿದ್ದರೆ ನೀರು ಹೊರಗೆ ಬರುವ ಪೈಪುಗಳು ಕಟ್ಟಿಕೊಂಡಿವೆಯಾ ನೋಡಿ. ಪೈಪೇ ಇಡದ ಗೋಡೆ ಇದ್ದರೆ ಅದರ ಬುಡದಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ.

ಹೋಂ ಸ್ಟೇಗೋ ಮನೆಗೋ ಬರೆ ತೆಗೆಸುವ ಯೋಚನೆ ಇದ್ದರೆ ದಯವಿಟ್ಟು ಮಳೆಗಾಲ ಮುಗಿಯುವವರೆಗೆ ಮುಟ್ಟಬೇಡಿ. ಇದು ಮೇಷ್ಟ್ರ ಕೆಲಸವಲ್ಲ ಅಂತ ಕೆಲವರಿಗೆ ಅನಿಸಬಹುದು. ನಿಮ್ಮ ಬರೆಯ ಕೆಳಗೆ ಇನ್ನೊಬ್ಬರ ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ) ಇರುತ್ತದೆ, ಆ ಮನೆಯ ಮಗುವೂ ನಮ್ಮ ಶಾಲೆಗೇ ಬರುತ್ತದೆ, ಹಾಗಾಗಿ ಹೇಳುತ್ತಿದ್ದೇನೆ.

ಜಾರಿದ ಮೇಲೆ ಏನಾಗುತ್ತದೆ ಅಂತ ತೋಟ ಕಳೆದುಕೊಂಡವರಿಗೆ ಹೇಳಬೇಕಾಗಿಲ್ಲ. ಮೇಲ್ಮಣ್ಣು ಹೋದ ಜಾಗದಲ್ಲಿ ಕಾಫಿ ಗಿಡ ನೆಟ್ಟರೂ ಫಸಲು ಕಾಣಲು ಮೂರ್ನಾಲ್ಕು ವರ್ಷ ಬೇಕು, ಮೆಣಸಿನ ಬಳ್ಳಿ ಹಬ್ಬಿಸಲು ಮರವೇ ಇಲ್ಲ, ಕೆಳಗಿನ ಗದ್ದೆಯಲ್ಲಿ ಆಳುದ್ದ ಹೂಳು. ಎಷ್ಟೋ ಮನೆಯವರು ಜಂಬೂರಿನಲ್ಲಿ ಸಂತ್ರಸ್ತರಿಗೆ ಕಟ್ಟಿದ ಹೊಸ ಮನೆಗಳಿಗೆ ಹೋದರು. ಮನೆ ಸಿಕ್ಕಿತು, ಸರಿ. ತೋಟ ಎಲ್ಲಿಯೋ, ಮನೆ ಎಲ್ಲಿಯೋ, ಮಕ್ಕಳಿಗೆ ಶಾಲೆ ಬೇರೆ, ಸ್ನೇಹಿತರು ಬೇರೆ. ರಾತ್ರಿ ಜೋರು ಮಳೆ ಬಂದರೆ ಇವತ್ತಿಗೂ ನಿದ್ದೆ ಮಾಡದ ಅಜ್ಜ ಅಜ್ಜಿಯರಿದ್ದಾರೆ. ಮಕ್ಕಳು ಅದನ್ನು ನೋಡುತ್ತವೆ, ಹೆದರುತ್ತವೆ. ಅವು ಕೇಳಿದರೆ "ಸುಮ್ನೆ ಮಲಕ್ಕೋ" ಅನ್ನಬೇಡಿ, ಆಗ ಏನಾಯಿತು ಅಂತ ನಿಧಾನಕ್ಕೆ ಹೇಳಿ.

ನೀವು ನೋಡಬೇಕಾದದ್ದು ಇಷ್ಟು. ನೆಲದಲ್ಲಿ, ಅಂಗಳದಲ್ಲಿ, ಬರೆಯ ಮೇಲ್ಗಡೆ ಹೊಸ ಬಿರುಕು. ಕರೆಂಟ್ ಕಂಬವೋ ಮರವೋ ಬೇಲಿಯೋ ವಾಲಿದ್ದು. ಇದ್ದಕ್ಕಿದ್ದಂತೆ ಬಾಗಿಲು ಕಿಟಕಿ ಹಾಕಲು ಬರದೇ ಹೋಗುವುದು. ಮಳೆ ಸುರಿಯುತ್ತಿದ್ದರೂ ಕೊಲ್ಲಿಯ ನೀರು ಒಮ್ಮೆಲೇ ಕಡಿಮೆಯಾಗಿಬಿಟ್ಟರೆ ಖುಷಿ ಪಡಬೇಡಿ, ಮೇಲೆ ಎಲ್ಲೋ ಮಣ್ಣು ಬಿದ್ದು ಅಡ್ಡ ಕಟ್ಟಿರಬಹುದು. ನೀರು ತೀರಾ ಕೆಸರಾದರೂ ಅಷ್ಟೇ. ಇವುಗಳಲ್ಲಿ ಯಾವುದೊಂದು ಕಂಡರೂ ಮೊದಲು ಮನೆ ಬಿಡಿ, ಆಮೇಲೆ ಸಹಾಯವಾಣಿ 1077ಕ್ಕೋ 112ಕ್ಕೋ ಫೋನ್ ಮಾಡಿ. ದನ ಬಿಚ್ಚಿಬಿಡಿ. ಫೋಟೋ ತೆಗೆಯಲು ನಿಲ್ಲಬೇಡಿ. ಹೊಳೆ ಬದಿಯವರು, ಭಾಗಮಂಡಲ, ನಾಪೋಕ್ಲು, ಕರಡಿಗೋಡು ಕಡೆ ನೆಂಟರಿರುವವರು ಅವರಿಗೂ ಹೇಳಿ: ನೀರು ಮೆಟ್ಟಿಲಿಗೆ ಬರುವವರೆಗೆ ಕಾಯುವುದು ಬೇಡ.

ರೆಡ್ ಅಲರ್ಟ್ ಅಂದರೆ ಎಷ್ಟು ಮಳೆ ಅಂತ ಕೆಲವರು ಕೇಳಿದ್ದರು. 24 ಗಂಟೆಯಲ್ಲಿ 204.4 ಮಿಲಿಮೀಟರ್‌ಗಿಂತ ಹೆಚ್ಚು, ಅಂದರೆ ನಮ್ಮ ಲೆಕ್ಕದಲ್ಲಿ ಎಂಟು ಇಂಚಿನ ಮೇಲೆ. ಆರೆಂಜ್ ಅಂದರೆ ಸುಮಾರು ನಾಲ್ಕೂವರೆಯಿಂದ ಎಂಟು ಇಂಚು. ಮನೆಯಲ್ಲಿ ಮಳೆ ಅಳೆದು ಬರೆದಿಟ್ಟ ಹಳೆಯ ಡೈರಿ ಇದ್ದರೆ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ, ಎರಡು ದಿನದಲ್ಲಿ ಜೋಪಾನವಾಗಿ ವಾಪಸ್ ಕೊಡುತ್ತೇವೆ. ಐದನೇ ಕ್ಲಾಸಿನವರಿಗೆ ಗ್ರಾಫ್ ಬರೆಯಲು ಅದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದಿಲ್ಲ.

ಈ ಪತ್ರದ ಜೊತೆ ಒಂದು ಖಾಲಿ ಹಾಳೆ ಇದೆ. ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಮಗು ಅದರಲ್ಲಿ ಬರೆಯಲಿ, ಪಕ್ಕದಲ್ಲಿ ನೀವು ಕೂರಿ. ಬರೆ, ಕೊಲ್ಲಿ, ಸಂಕ (ಕಾಲುಸೇತುವೆ), ವಾಲಿದ ಮರ ಎಲ್ಲವನ್ನೂ ಗುರುತು ಮಾಡಿ. ಬೇರೆ ದಾರಿ ಇದ್ದರೆ ಅದನ್ನೂ ಹಾಕಿ. ಕನ್ನಡ ಓದಲು ಬಾರದ ಅಸ್ಸಾಂ ಕಡೆಯ ಮನೆಯವರಿಗೆ ಪಕ್ಕದ ಲೈನಿನವರು ದಯವಿಟ್ಟು ವಿಷಯ ತಿಳಿಸಿ.

ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರ ಇಡಿ. ಮಾರ್ಕ್ಸ್ ಕಾರ್ಡ್ ಕಳೆದರೆ ತಲೆ ಕೆಡಿಸಿಕೊಳ್ಳಬೇಡಿ, ಮತ್ತೆ ಕೊಡಬಹುದು. ಅದನ್ನು ತರಲು ಯಾರೂ ಮನೆಯೊಳಗೆ ವಾಪಸ್ ಹೋಗಬಾರದು.

ಹಾಳೆ ಸೋಮವಾರದೊಳಗೆ ಬರಲಿ. ಫೋನ್ ನಂಬರ್ ಬದಲಾಗಿದ್ದರೆ ಅದರ ಹಿಂದೆಯೇ ಬರೆದು ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ