ಮಗಳಿಗೊಂದು ಪತ್ರ: ಆ ಮನೆಯ ಬಾಗಿಲಿಗೂ ಹೋಗು

ಪ್ರೀತಿಯ ಪುಟ್ಟಿ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಸಿಟ್ಟು ಬಂದದ್ದು ಸರಿಯೇ ಮಗಾ, ಬಾಡಿಗೆ ಮನೆಯಲ್ಲಿ ನಾಲ್ಕೈದು ಜನ ಸೇರಿ ಪ್ರಾರ್ಥನೆ ಮಾಡಿ ಹಾಡು ಹೇಳಿದ್ದಕ್ಕೆ ಕೆಳಗಿನ ಮನೆಯವರು ಜನ ಕರ್ಕೊಂಡು ಬಂದು ವಿಡಿಯೋ ಮಾಡಿ ಇಲ್ಲಿ ಮತಾಂತರ ನಡೀತಾ ಉಂಟು ಅಂತ ಬೊಬ್ಬೆ ಹಾಕಿದ್ರೆ ಯಾರಿಗಾದ್ರೂ ಹೊಟ್ಟೆ ಉರೀತದೆ. 2022ರಲ್ಲಿ ಆ ಮತಾಂತರ ನಿಷೇಧ ಕಾಯ್ದೆ ಬಂದ ಮೇಲೆ ಇಲ್ಲಿ ನಮ್ಮ ಮನೆಕೂಟಕ್ಕೂ ಯಾರಾದ್ರೂ ಹೊಸಬರು ಬಂದ್ರೆ ಜನ ಹೆದರಿ ಮುಖ ಮುಖ ನೋಡುದು ಉಂಟು. ಆದ್ರೆ ನೀನು ಕಡೆಗೆ ಕೇಳಿದ್ಯಲ್ಲ, ಯಾವಾಗ್ಲೂ ನಾವೇ ಯಾಕೆ ತಲೆ ತಗ್ಗಿಸ್ಬೇಕು ಅಮ್ಮ ಅಂತ, ಅದಕ್ಕೆ ಫೋನಲ್ಲಿ ಉತ್ತರ ಹೇಳಿದ್ರೆ ನಮ್ಮಿಬ್ಬರಿಗೇ ಜಗಳ ಆಗ್ತದೆ, ಹಾಗಾಗಿ ಬರೀತಿದ್ದೇನೆ.

ತಲೆ ತಗ್ಗಿಸು ಅಂತ ಯಾರೂ ಹೇಳ್ಲಿಲ್ಲ ಪುಟ್ಟಿ. ಜನರ ಗಾಯ ಹಾಗೇ ಇರುವಾಗ ಎಲ್ಲ ಸಮಾಧಾನ ಸಮಾಧಾನ ಅಂತ ತೇಪೆ ಹಚ್ಚುವವರ ಮೇಲೆ ಯೆರೆಮೀಯ ಪ್ರವಾದಿ ಎಷ್ಟು ಕೆಂಡ ಕಾರಿದ್ದಾನೆ ಅಂತ ಓದಿ ನೋಡು. ಆಗಿದ್ದನ್ನು ಆಗಿದೆ ಅಂತ್ಲೇ ಹೇಳ್ಬೇಕು. ಆದ್ರೆ ಮಾಡಿದವನ ಮುಖ ನೋಡಿಯೇ ಹೇಳ್ಬೇಕು, ಬೆನ್ನ ಹಿಂದೆ ಅಲ್ಲ, ಗ್ರೂಪಲ್ಲಿ ಫಾರ್ವರ್ಡ್ ಮಾಡಿ ಅಲ್ಲ.

2008ರ ಸೆಪ್ಟೆಂಬರ್ 14 ಭಾನುವಾರ, ನೀನಾಗ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ಕ್ಲಾಸು. ಒರಿಸ್ಸಾದ ಕಂಧಮಾಲ್ ಕ್ರೈಸ್ತರ ಮೇಲಿನ ದಾಳಿಯಲ್ಲಿ ಆಗಲೇ ಉರೀತಿತ್ತು, ಅದರ ಬೆನ್ನಿಗೆ ನಮ್ಮ ಮಂಗಳೂರು. ಮಿಲಾಗ್ರಿಸ್ ಚರ್ಚ್ ಹತ್ತಿರದ ಆಡೊರೇಶನ್ ಮಠಕ್ಕೆ ಗುಂಪು ಕಟ್ಟಿಕೊಂಡು ನುಗ್ಗಿ, ಪ್ರಾರ್ಥನೆಯಲ್ಲೇ ಜೀವ ಕಳೆಯುವ ಆ ಸಿಸ್ಟರ್‌ಗಳ ಎದುರೇ ಶಿಲುಬೆ ಒಡೆದ್ರು, ನ್ಯೂ ಲೈಫ್ ಸಭೆಯವರ ಪ್ರಾರ್ಥನಾ ಮಂದಿರಗಳನ್ನೂ ಬಿಡ್ಲಿಲ್ಲ. ಪ್ರತಿಭಟನೆಗೆ ಸೇರಿದ ನಮ್ಮವರಿಗೇ ಲಾಠಿ ಪೆಟ್ಟು ಬಿತ್ತು. ಈ ದಾಳಿಗಳ ತನಿಖೆಗೆ ಸರ್ಕಾರ ಸೋಮಶೇಖರ ಆಯೋಗ ಮಾಡಿತು, 2011ರಲ್ಲಿ ವರದಿ ಬಂತು, ಅದನ್ನು ಓದಿದ ಮೇಲೆ ನಮ್ಮವರ ಸಂಕಟ ಜಾಸ್ತಿಯೇ ಆಯ್ತು.

ಆ ಕ್ರಿಸ್ಮಸ್‌ಗೆ ಈ ಸಲ ಕುಸ್ವಾರ್ ತಿಂಡಿ ಹೊರಗಿನವರಿಗೆ ಹಂಚುದು ಬೇಡ, ನಮ್ಮ ನಮ್ಮಲ್ಲೇ ಸಾಕು ಅಂತ ತುಂಬಾ ಜನ ಹೇಳಿದ್ರು. ನಿನ್ನ ಅಜ್ಜಿ ಕೇಳ್ಬೇಕಲ್ಲ. ನೆವ್ರಿ, ಕಲ್‌ಕಲ್, ಚಕ್ಕುಲಿ ಎಲ್ಲ ಪ್ಲೇಟಿಗೆ ಹಾಕಿ ನನ್ನನ್ನೂ ಎಳ್ಕೊಂಡು ಮೊದಲು ಹೋದದ್ದೇ ಗಲಾಟೆಯಲ್ಲಿ ಮಗ ಇದ್ದ ಅಂತ ಊರೆಲ್ಲ ಹೇಳ್ತಿದ್ದ ಮನೆಗೆ. ಅವನ ಅಮ್ಮ ಬಾಗಿಲಲ್ಲೇ ನಿಂತ್ರು, ಒಳಗೆ ಬನ್ನಿ ಅನ್ಲೂ ಇಲ್ಲ. ಅಜ್ಜಿ ಪ್ಲೇಟು ಕೈಗೆ ಕೊಟ್ಟು, "ನಿಮ್ಮ ಮಗ ಹೋಗಿದ್ದು ಹೌದಾದ್ರೆ ಮಾಡಿದ್ದು ದೊಡ್ಡ ತಪ್ಪು, ಅವನಿಗೆ ನಾನು ಹೇಳಿದೆ ಅಂತ ಹೇಳಿ. ಹಬ್ಬದ ತಿಂಡಿ ಮಾತ್ರ ಪ್ರತಿ ವರ್ಷ ಬರ್ತದೆ" ಅಂದ್ರು. ನನಗೆ ಕೈಕಾಲು ನಡುಗ್ತಿತ್ತು. ಪ್ಲೇಟು ಕೆಲವು ದಿನ ವಾಪಸ್ ಬರ್ಲಿಲ್ಲ, ಮತ್ತೆ ಒಂದು ಸಂಜೆ ತೊಳೆದು, ಅದರ ಮೇಲೆ ಎರಡು ತೆಂಗಿನಕಾಯಿ ಇಟ್ಟು ಕಳಿಸಿದ್ರು. ಆ ಹುಡುಗ ಬದಲಾದನಾ ಇಲ್ವಾ ನನಗೆ ಗೊತ್ತಿಲ್ಲ, ಅಜ್ಜಿ ಅದನ್ನು ಲೆಕ್ಕ ಹಾಕಿ ಹೋದದ್ದೂ ಅಲ್ಲ.

ಬದಲಾಗುವವರು ಇಲ್ಲ ಅಂತ ಮಾತ್ರ ಹೇಳ್ಬೇಡ. ಆಗ ಬಜರಂಗದಳದ ರಾಜ್ಯ ಸಂಚಾಲಕ ಆಗಿದ್ದ ಮಹೇಂದ್ರ ಕುಮಾರ್ ಆ ದಾಳಿಗಳನ್ನು ಬಹಿರಂಗವಾಗಿ ಸಮರ್ಥಿಸಿ ಅರೆಸ್ಟ್ ಆದವರು. ಅದೇ ಮನುಷ್ಯ ಆಮೇಲೆ ಸಂಘಟನೆ ಬಿಟ್ಟು ಊರೂರು ತಿರುಗಿ ಸೌಹಾರ್ದದ ಬಗ್ಗೆ ಭಾಷಣ ಮಾಡಿದ್ರು, 2020ರಲ್ಲಿ ತೀರಿಹೋಗುವವರೆಗೂ ಮಾಡಿದ್ರು. 2008ರಲ್ಲಿ ಯಾರಾದ್ರೂ ನನಗೆ ಹೀಗೆ ಆಗ್ತದೆ ಅಂತ ಹೇಳಿದ್ರೆ ನಾನು ನಂಬ್ತಿರಲಿಲ್ಲ.

ಹಾಗಂತ ಕ್ಷಮಿಸಿದ್ದೇವೆ ಅಂದ ಕೂಡ್ಲೇ ಕಂಪ್ಲೇಂಟ್ ಕೊಡ್ಬಾರದು ಅಂತ ನಿಮ್ಮ ಫೆಲೋಶಿಪ್‌ನ ಅಣ್ಣ ಒಬ್ಬರು ಹೇಳಿದ್ರು ಅಂದ್ಯಲ್ಲ, ನಾನು ಒಪ್ಪುದಿಲ್ಲ. ಗ್ಲಾಡಿಸ್ ಸ್ಟೇನ್ಸ್ ನೋಡು. 1999ರ ಜನವರಿಯಲ್ಲಿ ಒರಿಸ್ಸಾದ ಮನೋಹರಪುರದಲ್ಲಿ ಅವರ ಗಂಡ, ಮಿಷನರಿ ಗ್ರಹಾಂ ಮತ್ತು ಇಬ್ಬರು ಸಣ್ಣ ಗಂಡು ಮಕ್ಕಳನ್ನು ಗಾಡಿಯೊಳಗೆ ಮಲಗಿದ್ದಲ್ಲೇ ಸುಟ್ಟರು. ಆ ತಾಯಿ ಕ್ಷಮಿಸಿದ್ದೇನೆ ಅಂದ್ರು, ಬಾರಿಪದಾದಲ್ಲೇ ಉಳ್ದು 2004ರವರೆಗೆ ಕುಷ್ಠರೋಗಿಗಳ ಸೇವೆ ಮಾಡಿದ್ರು. ಕೋರ್ಟು ಅದರ ಪಾಡಿಗೆ ನಡೀತು, 2003ರಲ್ಲಿ ತೀರ್ಪು ಬಂತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ಒಂದು ಮಾಡಿದ್ರೆ ಇನ್ನೊಂದು ಬಿಡ್ಬೇಕು ಅಂತ ಇಲ್ಲ.

ಹಾಗಾಗಿ ನೀನು, ಮೊದಲು ಆ ವಿಡಿಯೋ ಯಾರಿಗೂ ಕಳಿಸ್ಬೇಡ, ಡಿಲೀಟೂ ಮಾಡ್ಬೇಡ, ವಕೀಲರ ಕೈಗೆ ಕೊಡು. ಪುನಃ ಜನ ನುಗ್ಗಿದ್ರೆ 112ಕ್ಕೆ ಫೋನ್ ಮಾಡು, ಕಂಪ್ಲೇಂಟ್ ಬರೆದು ಕೊಟ್ಟು ರಸೀದಿ ತಗೋ. ಮತ್ತೆ ಕೆಳಗಿನ ಮನೆಯ ಆಂಟಿ ಹತ್ರ ಹೋಗು, ಒಬ್ಬಳೇ ಬೇಡ, ನಿಮ್ಮ ಸಭಾಪಾಲಕರ ಹೆಂಡತಿಯನ್ನು ಕರ್ಕೊಂಡು ಹೋಗು. ನಾವು ಎಂತ ಮಾಡ್ತೇವೆ ಅಂತ ಹೇಳು, ಹಾಡಿನ ಸದ್ದು ಜಾಸ್ತಿ ಆಗಿದ್ರೆ ಕಡಿಮೆ ಮಾಡ್ತೇವೆ ಅನ್ನು, ಪ್ರಾರ್ಥನೆ ನಿಲ್ಲಿಸ್ತೇವೆ ಅಂತ ಮಾತ್ರ ಹೇಳ್ಬೇಡ.

ಇನ್ನೊಂದು ವಿಷಯ, ಇದು ನನಗೆ ಎಲ್ಲಕ್ಕಿಂತ ಮುಖ್ಯ. 2022ರ ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲಿ ಹತ್ತು ದಿನದೊಳಗೆ ಮೂರು ಹುಡುಗರು ಕೊಲೆಯಾದ್ರು, ಇಬ್ಬರು ಮುಸ್ಲಿಮರು, ಒಬ್ಬ ಹಿಂದೂ. ಸಂಜೆ ಆರಕ್ಕೆಲ್ಲ ಅಂಗಡಿ ಬಂದ್. ನಮ್ಮವರು ಯಾರೂ ಇಲ್ಲ ಅಲ್ವಾ, ನಮಗೆ ಎಂತಕ್ಕೆ, ಅಂತ ನಮ್ಮಲ್ಲೇ ಜನ ಮಾತಾಡಿಕೊಂಡದ್ದು ಕೇಳಿ ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತುಂಟಾ. ನಮ್ಮ ಚರ್ಚಿನ ಗಾಜು ಒಡೆದಾಗ ಮಾತ್ರ ಅಳುವ ನಾವು ಯಾವ ಬಾಯಲ್ಲಿ ದೇವರ ಮಕ್ಕಳು ಅಂತ ಹೇಳಿಕೊಳ್ಳುದು? ಆ ಭಾನುವಾರ ಮಹಿಳಾ ಸಂಘದ ನಾವು ಕೆಲವರು ಹಠ ಮಾಡಿ ಮೂರೂ ತಾಯಂದಿರಿಗೆ ಪ್ರಾರ್ಥನೆ ಇಡಿಸಿದ್ವಿ, ಕೆಲವರಿಗೆ ಸಿಟ್ಟೂ ಬಂತು. ನಿಮ್ಮ ಯೂತ್ ಗ್ರೂಪಲ್ಲಿ ಇದನ್ನೇ ಎತ್ತು. ನಿಮ್ಮ ಏರಿಯಾದಲ್ಲಿ ಮಸೀದಿಯವರಿಗೋ ದೇವಸ್ಥಾನದವರಿಗೋ ತೊಂದರೆ ಆದ ದಿನ ಯಾರು ಮೊದಲು ಹೋಗುದು, ಯಾರ ನಂಬರಿಗೆ ಫೋನ್ ಮಾಡುದು ಅಂತ ಈಗಲೇ ಮಾತಾಡಿ ಇಟ್ಟುಕೊಳ್ಳಿ. ಬೈದ್ರೆ ಬೈಯ್ಲಿ ಮಾರಾಯ್ತಿ, ನೀನು ಎತ್ತು.

ನಿನ್ನ
ಅಮ್ಮ