ಅಕ್ಕಗ ಯಾವ ಸೀಟು

ಬ್ರಹ್ಮಪುರ, ಕಲಬುರಗಿ

ಚಿರಂಜೀವಿ ಅಳಿಯಗ ಮಾಮನ ಆಶೀರ್ವಾದ.

ನೀ ಕಳಿಸಿದ ಎರಡೂ ರೇಟು ಮೊಬೈಲ್‌ನಾಗ ನೋಡ್ದೆ. ಹೈದರಾಬಾದ್‌ದಿಂದ ದುಬೈ, ದುಬೈದಿಂದ ಶಿಕಾಗೊ. ಒಂದು ಬಿಸಿನೆಸ್ ಕ್ಲಾಸು, ಒಂದು ಫಸ್ಟ್ ಕ್ಲಾಸು. "ಅವ್ವ ಜನ್ಮದಾಗ ಒಮ್ಮೆ ನನ್ನ ಮನಿಗಿ ಬರ್ತಾಳ ಮಾಮಾ, ಫಸ್ಟ್ ಕ್ಲಾಸಿನಾಗೇ ಕರಸ್ತೀನಿ" ಅಂತ ಬರದಿ. ಓದಿ ಕಣ್ಣಾಗ ನೀರು ಬಂತು. ತೊಗರಿ ಮಾರಿ ಪಿಡಿಎ ಕಾಲೇಜಿಗಿ ನಿನ್ನ ಫೀಸು ಕಟ್ಟಿದಾಕಿ ಆಕಿ. ಆಕಿಗಿ ಏನು ಕೊಟ್ರೂ ಕಡಿಮೀನೇ. ಆದ್ರ ರೊಕ್ಕ ಕಟ್ಟೂದಕ್ಕಿಂತ ಮೊದಲ ನನ್ನ ಮಾತು ಕೇಳು. ಹೈದರಾಬಾದಿನ ಅಬಿಡ್ಸ್‌ದಾಗ 24 ವರ್ಷ ವಿಮಾನದ ಟಿಕೇಟಿನ ಕೌಂಟರಿನಾಗ ಕೂತೀನಿ. ಫಸ್ಟ್ ಕ್ಲಾಸು ಬ್ಯಾಡ. ಬಿಸಿನೆಸ್ ತಗೋ, ಅದೂ ಎರಡು ತಗೋ. ಯಾಕಂತ ಹೇಳ್ತೀನಿ.

ಎಕಾನಮಿಯಿಂದ ಬಿಸಿನೆಸ್ಸಿಗಿ ಹೋದ್ರ ಬದಲಾಗೂದು ದೇಹದ ಸುಖ. ಎಕಾನಮಿದಾಗ ಸೀಟಿಂದ ಸೀಟಿಗಿ 31-32 ಇಂಚು ಜಾಗ. ದುಬೈದಿಂದ ಶಿಕಾಗೊಕ್ಕ 14 ತಾಸಿನ ಮ್ಯಾಲ ಬೇಕು. ಅಕ್ಕನ ಮೊಣಕಾಲು ನಿನಗ ಗೊತ್ತದ. ಗುಡಿಯಾಗ ಅರ್ಧ ತಾಸು ಕೂತ್ರ ಏಳಲಿಕ್ಕಿ ಕೈ ಹಿಡೀಬೇಕು. ಅಷ್ಟು ಹೊತ್ತು ಕಾಲು ಕೆಳಗ ಬಿಟ್ಟು ಕೂತ್ರ ಬಾವು ಬರ್ತದ, ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟೂ ಭಯಾನೂ ಇರ್ತದ. ಬಿಸಿನೆಸ್ಸಿನಾಗ ಸೀಟು ಸಪಾಟ ಆಗಿ ಹಾಸಿಗಿ ಆಗ್ತದ, ಆರೂವರಿ ಅಡಿ ಹತ್ರ ಉದ್ದ. ಮಲಕೊಂಡು ಹೋಗಬಹುದು. ಇದಕ್ಕ ಎಷ್ಟು ಖರ್ಚು ಮಾಡಿದ್ರೂ ನಾ ಬ್ಯಾಡ ಅನ್ನಂಗಿಲ್ಲ.

ಬಿಸಿನೆಸ್ಸಿಂದ ಫಸ್ಟಿಗಿ ಹೋದ್ರ ಹಾಸಿಗಿ ಹಾಸಿಗೀನೇ ಇರ್ತದ. ಒಂದೀಟು ಅಗಲ ಆಗ್ತದ, ಸುತ್ತ ಗೋಡಿ ಬರ್ತದ, ನಾಲ್ಕು ಮಂದಿಗಿ ಒಬ್ಬರಂಗ ಸೇವಾ ಮಾಡವ್ರು ಇರ್ತಾರ. ದುಬೈದ ಎಮಿರೇಟ್ಸ್ ಕಂಪನಿಯ ಎ380 ವಿಮಾನದ ಫಸ್ಟಿನಾಗ ಸ್ನಾನದ ಮನಿ ಅದ, ಒಬ್ಬರಿಗಿ ಐದು ನಿಮಿಷದ ನೀರು. ಬೇಕಾದಾಗ ಬೇಕಾದ್ದು ಊಟ ಬರ್ತದ. ನಾ ಇದನ್ನ ಕಡಿಮಿ ಮಾಡಿ ಹೇಳ್ತಿಲ್ಲ, ಆ ಸೇವಾ ಖರೇನ ದೊಡ್ಡದು. ಆದ್ರ ಆ ರೊಕ್ಕದಾಗ ದೊಡ್ಡ ಪಾಲು ಜಾಗಕ್ಕ ಹೋಗ್ತದ, ಉಳಿದದ್ದರಾಗ ಭಾರೀ ಶಾಂಪೇನು, ಮೀನಿನ ತತ್ತಿ, ಇಂಥವಕ್ಕ ಹೋಗ್ತದ. ಸೋಮವಾರ ಒಪ್ಪತ್ತು ಮಾಡೂ ಅಕ್ಕ ಅದರಾಗ ಯಾವುದು ಮುಟ್ಟತಾಳ?

ಇನ್ನೊಂದು ಮಾತು, ಹೆಸರಿಗಿ ಮರುಳಾಗಬ್ಯಾಡ. ನಾ ಕೌಂಟರಿಗಿ ಸೇರಿದ ಹೊಸತರಾಗ ಬಿಸಿನೆಸ್ ಅಂದ್ರ ದೊಡ್ಡ ಆರಾಮ ಕುರ್ಚಿ ಅಷ್ಟೇ. 2000ರಾಗ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ಸಿನಾಗೂ ಪೂರಾ ಸಪಾಟ ಹಾಸಿಗಿ ತಂತು. 2017ರಾಗ ಕತಾರ್ ಏರ್‌ವೇಸ್ ಬಿಸಿನೆಸ್ ಸೀಟಿಗಿ ಬಾಗಿಲಾನೂ ಹಚ್ಚಿ, ಅದಕ್ಕ ಕ್ಯೂಸೂಟ್ ಅಂತ ಹೆಸರಿಟ್ಟಿತು. ಅಲ್ಲಿ ನಡುವಿನ ಎರಡು ಸೀಟು ಕೂಡಿಸಿದ್ರ ಜೋಡಿ ಹಾಸಿಗಿ ಆಗ್ತದ. ಮೊದಲ ಫಸ್ಟಿನಾಗ ಇದ್ದದ್ದೆಲ್ಲ ಹಿಂದಕ ಸರಕೊಂಡು ಬಿಸಿನೆಸ್ಸಿಗಿ ಬಂದದ. ಅದಕ್ಕೇ ಎಷ್ಟೋ ಕಂಪನಿಗಳು ಫಸ್ಟ್ ತಗದೇ ಬಿಟ್ಟಾವ. ಏರ್ ಇಂಡಿಯಾದ ಹೊಸ ಎ350 ವಿಮಾನದಾಗ 28 ಬಿಸಿನೆಸ್ ಸೀಟು ಅದಾವ, ಫಸ್ಟ್ ಕ್ಲಾಸು ಇಲ್ಲವೇ ಇಲ್ಲ.

ಹಂಗಂತ ಬಿಸಿನೆಸ್ ಎಲ್ಲಾ ಕಡಿ ಒಂದೇ ಅಲ್ಲ, ಮೋಸ ಹೋಗೂದು ಇಲ್ಲೇ. ನಾ ಒಮ್ಮೆ ಒಂದು ಕಂಪನಿ ವಿಮಾನದಾಗ ಬಿಸಿನೆಸ್ ಟಿಕೇಟಿನ ಮ್ಯಾಲ ಹೋಗಿದ್ದೆ. ಸೀಟು ಸಪಾಟ ಆಗಲಿಲ್ಲ, ಓರಿ ಆಯ್ತು. ರಾತ್ರಿಯೆಲ್ಲ ಕೆಳಗ ಜಾರೂದು, ಮ್ಯಾಲ ಸರಿಯೂದು. ಬೆಳಗಾಗೂದ್ರಾಗ ಸೊಂಟ ಹಿಡಕೊಂಡಿತ್ತು. ಅವತ್ತಿನಿಂದ ಗಿರಾಕಿ ಯಾರೇ ಬರಲಿ, ಕ್ಲಾಸು ಕೇಳೂದಕ್ಕಿಂತ ಮೊದಲ ಯಾವ ವಿಮಾನ, ಅಡ್ಡ ಸಾಲಿನಾಗ ಎಷ್ಟು ಸೀಟು ಅಂತ ನಕ್ಷಾ ನೋಡ್ತಿದ್ದೆ. ಒಂದು-ಎರಡು-ಒಂದು, ಅಂದ್ರ ಆ ಕಿಟಕಿಗಿ ಒಂದು, ನಡುವ ಎರಡು, ಈ ಕಿಟಕಿಗಿ ಒಂದು ಸೀಟು ಇದ್ರ ಎಲ್ಲಾರಿಗೂ ಓಣಿ, ಅಂದ್ರ ನಡದಾಡೂ ದಾರಿ, ಸಿಗ್ತದ, ಯಾರನ್ನೂ ದಾಟಬೇಕಾಗಿಲ್ಲ. ಎಮಿರೇಟ್ಸ್‌ನ ಹಳೇ 777 ವಿಮಾನಗಳಾಗ ಬಿಸಿನೆಸ್ ಸೀಟು ಎರಡು-ಮೂರು-ಎರಡು ಅದಾವ. ಅಲ್ಲಿ ಕಿಟಕಿ ಕಡಿ ಅಥವಾ ಮೂರರ ನಡುವ ಕೂತ್ರ, ಬಚ್ಚಲಿಗಿ ಹೋಗಬೇಕಂದ್ರ ಮಲಗಿದವ್ರ ಕಾಲು ದಾಟಬೇಕು. ಅಕ್ಕ ದಾಟಂಗಿಲ್ಲ, ಸುಮ್ಮ ತಡಕೊಂಡು ಕೂಡ್ತಾಳ. ಅದೇ ಕಂಪನಿಯ ಎ380 ಮತ್ತ ನವೀಕರಿಸಿದ 777ದಾಗ ಒಂದು-ಎರಡು-ಒಂದು ಅದ. ನೀ ಕಳಿಸಿದ ರೇಟಿನಾಗ ವಿಮಾನದ ಹೆಸರೇ ಇಲ್ಲ. ಮೊದಲ ಅದನ್ನ ನೋಡು.

ಗಾಳಿ ಎಲ್ಲಾರಿಗೂ ಒಂದೇ, ಅದೂ ನೆನಪಿನಾಗಿರಲಿ. ಹಳೇ ವಿಮಾನದೊಳಗ ಗಾಳಿಯ ಒತ್ತಡ ಸುಮಾರು 8000 ಅಡಿ ಗುಡ್ಡದ ಮ್ಯಾಲ ಇದ್ದಂಗ ಇರ್ತದ. 787 ಮತ್ತ ಎ350 ಅನ್ನೂ ಹೊಸ ವಿಮಾನದಾಗ 6000 ಅಡಿಯಷ್ಟು. ತಲಿ ಭಾರ, ದಣಿವು ಕಡಿಮಿ. ಬಿಪಿ ಇರೂ ಅಕ್ಕಗ ಫಸ್ಟಿನ ಗೋಡಿಗಿಂತ ಇದು ಹೆಚ್ಚಿನ ಉಪಕಾರ. ಹೊರಡೂದಕ್ಕಿಂತ ಮೊದಲ ಆಕಿ ಡಾಕ್ಟರಿಗಿ ಒಮ್ಮೆ ತೋರಿಸಿ ಕೇಳ್ತೀನಿ.

ಹಾಂ, ಶಿಕಾಗೊದಿಂದ ಮಿನ್ನಿಯಾಪೊಲಿಸ್‌ಕ್ಕ ನೀ ಬ್ಯಾರೆ ಟಿಕೇಟು ನೋಡೀದಿ, ಅದರ ಮ್ಯಾಲ "ಫಸ್ಟ್" ಅಂತದ. ಅಮೆರಿಕಾದ ಒಳಗಿನ ಸಣ್ಣ ಹಾರಾಟದಾಗ ಫಸ್ಟ್ ಅಂದ್ರ ಅಗಲ ಕುರ್ಚಿ ಮಾತ್ರ, ಹಾಸಿಗಿ ಅಲ್ಲ.

ಈಗ ಎರಡು ಟಿಕೇಟು ಯಾಕ ಅಂತೀನಿ ಅಂದ್ರ, ಒಂದು ಕಂಡಿದ್ದು ಹೇಳ್ತೀನಿ. ಆ ಓರಿ ಸೀಟಿನ ಪ್ರಯಾಣದಾಗೇ, ನನ್ನ ಓಣಿಯ ಆಚಿ ಸೀಟಿನಾಗ ಬೀದರ್ ಕಡಿ ಒಬ್ಬ ಅಜ್ಜಿ ಕೂತಿದ್ರು. ಮಗ ಕೊಡಿಸಿದ ಟಿಕೇಟು. ಊಟದ ಚೀಟಿ ಇಂಗ್ಲಿಷಿನಾಗ. ಹುಡುಗಿ ಬಂದು ಕೇಳಿದ್ರ ಎಲ್ಲಕ್ಕೂ ತಲಿ ಅಲ್ಲಾಡಿಸಿ ಬ್ಯಾಡ ಅಂದ್ರು. ಹಾಸಿಗಿ ಮಾಡೂ ಗುಂಡಿ ಯಾವುದು ಗೊತ್ತಿಲ್ಲ, ಕೇಳಲಿಕ್ಕಿ ಸಂಕೋಚ. ಸೆರಗು ಹೊದ್ದು ನೆಟ್ಟಗ ಕೂತೇ ಇದ್ರು. ನಡುರಾತ್ರಿ ನಾ ಎದ್ದು "ಅವ್ವಾ, ಊಟ ಮಾಡೀರೇನು?" ಅಂತ ಕನ್ನಡದಾಗ ಕೇಳಿದ್ದಕ್ಕ ಆಕಿ ನನ್ನ ಕೈ ಹಿಡದು ಅತ್ತುಬಿಟ್ರು. ಸೀಟು ಸಪಾಟ ಮಾಡಿ ಕೊಡಲಿಕ್ಕಿ ಹೋದ್ರ ಅದು ಓರಿ. ತಲಿಕೆಳಗ ನನ್ನ ದಿಂಬೂ ಕೊಟ್ಟೆ, ಅನ್ನ ಮೊಸರು ತರಿಸಿದೆ. ಉಂಡು ಮಲಗಿದ್ರು.

ನಮ್ಮ ಅಕ್ಕಾನೂ ಅದೇ ಜಾತಿ ಮನುಷ್ಯಾಳು. ಬೀಗರ ಮನ್ಯಾಗ ನೀರೂ ಕೇಳಿ ಕುಡದಾಕಿ ಅಲ್ಲ. ಆಕಿನ್ನ ಒಬ್ಬಾಕಿನ್ನ ನಾಲ್ಕು ಗೋಡಿ ನಡುವ ಕೂಡಿಸಿ ಬಾಗಿಲು ಹಾಕಿದ್ರ, ಮಗನ ಮನಿ ಮುಟ್ಟೂತನಕ ಆಕಿಗಿ ಅದು ಜೇಲು ಆಗ್ತದ. ನೀ ಬರದ ಲೆಕ್ಕದಾಗ ಫಸ್ಟಿನ ಒಂದು ಟಿಕೇಟಿಗಿ ಬಿಸಿನೆಸ್ಸಿನ ಎರಡು ಬರ್ತಾವ. ನೀ ಎಕಾನಮಿದಾಗ ಬಂದುಬಿಡು, ವಯಸ್ಸದ, ನಡೀತದ. ಮೂರು ವರ್ಷ ಆಯ್ತು ನೀ ಊರು ಕಂಡು. ಹೋಗೂಮುಂದ ಆಕಿ ಜೋಡಿ ಬಿಸಿನೆಸ್ಸಿನಾಗ ನಡುವಿನ ಜೋಡಿ ಸೀಟು ಹಿಡಿ. ನಡುವಿನ ಪರದಾ ಕೆಳಗ ಮಾಡಿದ್ರ ಮುಖಾ ಮುಖಾ ನೋಡಿ ಮಾತಾಡಬಹುದು. ಆಕಿ ನಿನ್ನ ಕೂಡ ಒಂದು ರಾತ್ರಿ ಪೂರ್ತಿ ಮಾತಾಡಿ ಎಷ್ಟು ವರ್ಷ ಆಯ್ತು, ಲೆಕ್ಕ ಹಾಕು.

ಬುಕ್ ಮಾಡೂಮುಂದ ಗಾಲಿ ಕುರ್ಚಿ ಕೇಳಿಬಿಡು. ಅದಕ್ಕ ಯಾವ ಕ್ಲಾಸಿಗೂ ರೊಕ್ಕಿಲ್ಲ, ಶಿಕಾಗೊದ ಇಮಿಗ್ರೇಶನ್ ಸಾಲಿನತನಕ ಕರಕೊಂಡು ಹೋಗ್ತಾರ. ಊಟಕ್ಕ ಏಷಿಯನ್ ವೆಜಿಟೇರಿಯನ್ ಬರಸು, ಎವಿಎಂಎಲ್ ಅಂತ ಅದರ ಗುರುತು. 24 ತಾಸು ಮೊದಲ ಹೇಳಿರಬೇಕು, ಬಿಸಿನೆಸ್ ಆದ್ರೂ ಅಷ್ಟೇ. ನಿನ್ನ ಅತ್ತಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡ್ತಾಳ, ಕೈಚೀಲದಾಗೇ ಇಟ್ಟುಕೋ. ಹುಮನಾಬಾದ್, ಜಹೀರಾಬಾದ್ ಮ್ಯಾಲಿಂದ ಶಂಷಾಬಾದ್ ವಿಮಾನ ನಿಲ್ದಾಣಕ್ಕ ನಾನೇ ಕಾರಿನಾಗ ಬಿಡ್ತೀನಿ. ನಡುವ ಎರಡು ಸಲ ನಿಲ್ಲಿಸಿ ಆಕಿನ್ನ ನಡದಾಡಸ್ತೀನಿ.

ಶರಣಬಸವೇಶ್ವರ ಜಾತ್ರಿ ಮುಗದ ಮ್ಯಾಲೇ ಹೊರಡೂದು ಅಂತ ಅಕ್ಕ ಹಟ ಹಿಡದಾಳ. ತೇರು ಎಳದ ಮರುವಾರದ ತಾರೀಖು ನೋಡು. ನೀ ಬರ್ತಿ ಅಂತ ಆಕಿಗಿ ನಾ ಇನ್ನೂ ಹೇಳಿಲ್ಲ. ವಿಮಾನದ ಹೆಸರು, ಸೀಟಿನ ನಕ್ಷಾ ಕಳಿಸು. ನಾ ನೋಡಿ ಹೂಂ ಅಂದ ಮ್ಯಾಲ ಆಕಿಗಿ ನೀನೇ ಫೋನ್ ಮಾಡಿ ಹೇಳು.

ಇಂತಿ,
ನಿನ್ನ ಮಾಮ