ಆ ಬಿಳಿ ಕಲ್ಲು

ಕುಷ್ಟಗಿ, ಭಾನುವಾರ

ಅವ್ವಾ,

ಹೋಗುವಾಗ ನೀನು ನನ್ನ ಮುಖ ನೋಡಲಿಲ್ಲ. "ಡೈನೋಸಾರ್ ಮೂಳೆ ಹುಡುಕೋಕೆ ಗುಜರಾತಿಗೆ ಯಾಕೆ ಹೋಗ್ಬೇಕು, ಇಲ್ಲಿ ಕಲ್ಲಿಗೇನು ಬರವೇ?" ಅಂದೆನಲ್ಲ, ತಪ್ಪಾಯಿತು.

ನೀನು ಬಿಟ್ಟುಹೋದ ನೋಟ್‌ಬುಕ್ ಎರಡು ರಾತ್ರಿ ಓದಿದೆ. ಇಪ್ಪತ್ತಾರು ವರ್ಷ ಕ್ವಾರಿಯಲ್ಲಿ ಡ್ರಿಲ್ ಹಿಡಿದವನಿಗೆ ಆ ಕಲ್ಲಿನ ವಯಸ್ಸೇ ಗೊತ್ತಿರಲಿಲ್ಲ. ಸುಮಾರು 250 ಕೋಟಿ ವರ್ಷ! ಡೈನೋಸಾರ್ ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಮೇಲಾಗಿ ನಮ್ಮ ಗ್ರಾನೈಟ್ ಭೂಮಿಯೊಳಗೆ ಕರಗಿ ತಣಿದದ್ದು, ಅದರಲ್ಲಿ ಮೂಳೆ ಎಲ್ಲಿಂದ ಬರಬೇಕು? ಬಾದಾಮಿಯ ಕಲ್ಲು ಮರಳು ಕೂತು ಆದದ್ದೇ, ಆದರೆ ಅದೂ ಡೈನೋಸಾರ್‌ಗಿಂತ ಎಷ್ಟೋ ಹಳೆಯದು.

ಡೈನೋಸಾರ್‌ಗಳು ನಮ್ಮ ಸೀಮೆಯಲ್ಲೂ ಓಡಾಡಿರಬಹುದು, ಅಲ್ವಾ? ಆದರೆ ಬರಗಾಲದ ವರ್ಷ ಗುಡ್ಡದಲ್ಲಿ ಸತ್ತ ನಮ್ಮ ಆಡು ನೆನಪಿದೆಯಾ? ನಾಯಿ ಎಳೆದವು, ಬಿಸಿಲಿಗೆ ಮೂಳೆ ಸೀಳಿತು, ನಾಲ್ಕು ಮಳೆಗಾಲಕ್ಕೆ ಗುರುತೇ ಇಲ್ಲ. ಮೂಳೆ ಉಳಿಯಬೇಕಾದರೆ ಬೇಗ ಹೂಳಿನಡಿ ಸೇರಬೇಕು, ನಮ್ಮ ತುಂಗಭದ್ರಾ ಡ್ಯಾಮಿನಲ್ಲಿ ತುಂಬುತ್ತದಲ್ಲ, ಅಂಥ ಹೂಳು. ನೀನು ಹೋಗಿರುವ ಗುಜರಾತಿನ ರೈಯೋಲಿಯಲ್ಲೂ ಅಡಿಯಲ್ಲಿ ಹಳೆಯ ಬಂಡೆಯೇ ಅಂತೆ. ಅದರ ಮೇಲೆ ಡೈನೋಸಾರ್ ಕಾಲದ ಮಣ್ಣು ಮರಳು ಕೂತು, ಈಗ ಮಳೆಗೆ ಸವೆದು ಮೂಳೆ, ಮೊಟ್ಟೆ ಹೊರಗೆ ಕಾಣುತ್ತಿವೆ. 2003ರಲ್ಲಿ ಹೆಸರಿಟ್ಟ ರಾಜಾಸಾರಸ್ ಅನ್ನೋ ಡೈನೋಸಾರ್ ಅಲ್ಲಿಯದೇ. ನನ್ನ ಮಗಳು ಆ ನೆಲ ನೋಡಲು ಹೋಗಿದ್ದಾಳೆ ಅಂತ ಕ್ವಾರಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಇಷ್ಟು ತಿಳಿದ ಮೇಲೂ ತಲೆಯಲ್ಲಿ ಕೂತಿರುವುದು ನಿನ್ನ ಆ ಬಿಳಿ ಕಲ್ಲು. ನಾಲ್ಕನೇ ಕ್ಲಾಸು. ಲಂಗದಲ್ಲಿ ಸುತ್ತಿಕೊಂಡು ಕ್ವಾರಿಗೇ ಬಂದಿದ್ದೆ, "ಅಪ್ಪಾ, ಮೂಳೆ" ಅಂತ. ನಾನು ಎಲ್ಲರ ಮುಂದೆ ಕಿತ್ತುಕೊಂಡು, "ಬೆಣಚುಕಲ್ಲು ಅದು" ಅಂದು ಗುಂಡಿಯ ನೀರಿಗೆ ಎಸೆದೆ. ಅದರ ಒಂದು ತುದಿ ಮುರಿದಿತ್ತು. ಮುರಿದ ಕಡೆ ಅರಿಶಿನ ಹಚ್ಚಿದ್ದೆ ನೀನು. ನನ್ನ ಬೆರಳಿಗೂ ಹತ್ತಿತ್ತು. ಬೆಣಚುಕಲ್ಲು ಅಂದದ್ದು ಸುಳ್ಳಲ್ಲ. ಆದರೆ ಎಸೆಯಬಾರದಿತ್ತು. ಕೈಯಲ್ಲಿ ಹಿಡಿದು, ಎಲ್ಲಿ ಸಿಕ್ಕಿತವ್ವಾ ಅಂತ ಒಂದು ಮಾತು ಕೇಳಬಹುದಿತ್ತು. ನೀನು ಅಳಲಿಲ್ಲ. ಸುಮ್ನೆ ಲಂಗ ಝಾಡಿಸಿಕೊಂಡು ಮನೆಗೆ ಹೋದೆ. ಮೊನ್ನೆ ಬಸ್ ಹತ್ತುವಾಗಲೂ ಹಾಗೇ ಹೋದೆ.

ಅಲ್ಲಿ ಬಿಸಿಲು ಜಾಸ್ತಿ, ನೀರಿನ ಬಾಟಲಿ ಬಿಡಬೇಡ. ಕಡಿದಾದ ಮಣ್ಣಿನ ದಂಡೆಯ ಬುಡದಲ್ಲಿ ಕೂರಬೇಡ. ಬುಡ ಕೆರೆದರೆ ಮೇಲಿನದು ಹೇಳದೆ ಕೇಳದೆ ಬೀಳುತ್ತದೆ, ಕ್ವಾರಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಟೋಪಿ ಹಾಕಿಕೋ. ಒಬ್ಬಳೇ ದೂರ ಹೋಗಬೇಡ. ಮತ್ತೆ ಶುರು ಮಾಡಿದೆ ಅನ್ನಬೇಡ. ನಿಮ್ಮವ್ವ ನಿದ್ದೆ ಮಾಡುತ್ತಿಲ್ಲ, ನಾನೂ.

ಗುಂಡಿಯ ನೀರು ಈ ವರ್ಷ ಬತ್ತಿದೆ. ನಿನ್ನೆ ಇಳಿದು ಹುಡುಕಿದೆ. ಬಿಳಿ ಕಲ್ಲು ಬೇಕಾದಷ್ಟಿವೆ, ನಿನ್ನದು ಯಾವುದೋ ಗೊತ್ತಾಗಲಿಲ್ಲ. ಆ ಅರಿಶಿನ ಗಾಯಕ್ಕೆ ಅಂತ ಹಚ್ಚಿದ್ದೆಯಾ, ಅವ್ವಾ? ಬಂದಾಗ ಹೇಳು.

ನಿನ್ನ ಅಪ್ಪ